ತಾತ್ಕಾಲಿಕ ಮ್ಯೂಟ್: ಆನ್‌ಲೈನ್ ಚಾಟ್ ಸಮುದಾಯಗಳಲ್ಲಿ ಮಾತಿಗೆ ಕಾಲಮಿತಿಯ ತಡೆ

ಆನ್‌ಲೈನ್ ಚಾಟ್ ಗುಂಪಿನಲ್ಲಿ ಮಾತುಕತೆ ಕೆಡಿಸುತ್ತಿರುವ ಸದಸ್ಯರನ್ನು ಹೊರಹಾಕದೆ, ಗೊತ್ತುಪಡಿಸಿದ ಅವಧಿಯವರೆಗೆ ಸಂದೇಶ ಕಳಿಸದಂತೆ ತಡೆಯುವ ಕ್ರಮವೇ ತಾತ್ಕಾಲಿಕ ಮ್ಯೂಟ್. ಟೈಮ್‌ಔಟ್ ಎಂಬ ಹೆಸರೂ ಬಳಕೆಯಲ್ಲಿದೆ. ತಡೆಗೊಳಗಾದವರು ಗುಂಪಿನಲ್ಲೇ ಇರುತ್ತಾರೆ, ಉಳಿದವರು ಬರೆದದ್ದನ್ನು ಓದುತ್ತಾರೆ. ಬರೆಯಲು ಮಾತ್ರ ಆಗುವುದಿಲ್ಲ. ಅವಧಿ ಮುಗಿದೊಡನೆ ತಡೆ ತಾನಾಗಿ ಕಳಚಿಕೊಳ್ಳುತ್ತದೆ, ಯಾರ ಬಳಿಯೂ ಕೇಳಿಕೊಳ್ಳಬೇಕಿಲ್ಲ. ಎಚ್ಚರಿಕೆಯ ಮಾತಿಗೂ ಗಡೀಪಾರಿಗೂ ನಡುವಿನ ಮೆಟ್ಟಿಲು ಇದು. ತಪ್ಪು ಮಾಡಿದವರೂ ಗುಂಪಿನವರೇ, ಮರಳಿ ಮಾತಿಗೆ ಬರುವವರೇ ಎಂಬ ನಂಬಿಕೆ ಈ ಕ್ರಮದ ತಳಹದಿ.

ಹೆಸರು ಮತ್ತು ವ್ಯಾಪ್ತಿ

ಮ್ಯೂಟ್ ಎಂಬ ಮಾತಿಗೆ ಬಳಕೆಯಲ್ಲಿ ಮೂರು ಅರ್ಥಗಳಿವೆ. "ಫ್ಯಾಮಿಲಿ ಗ್ರೂಪ್ ಮ್ಯೂಟ್ ಮಾಡಿದ್ದೀನಿ" ಎಂದರೆ ಆ ಗುಂಪಿನ ಸಂದೇಶ ಬಂದಾಗ ತನ್ನ ಫೋನ್ ಸದ್ದು ಮಾಡದಂತೆ ಇಟ್ಟುಕೊಂಡಿದ್ದೇನೆ ಎಂದು. ವಿಡಿಯೊ ಸಭೆಯಲ್ಲಿ "ನೀವು ಮ್ಯೂಟಲ್ಲಿದ್ದೀರಿ" ಎಂದರೆ ಮೈಕ್ ಮುಚ್ಚಿದೆ ಎಂದು. "ಅಡ್ಮಿನ್ ಅವರನ್ನ ಒಂದು ದಿನ ಮ್ಯೂಟ್ ಮಾಡಿದ್ರು" ಎಂಬುದು ಮೂರನೆಯದು. ಮೊದಲಿನದು ಕೇಳುವವರು ತಮಗಾಗಿ ಮಾಡಿಕೊಳ್ಳುವ ಏರ್ಪಾಟು, ಮೂರನೆಯದು ಗುಂಪಿನ ಪರವಾಗಿ ನಿರ್ವಾಹಕರು ಕೈಗೊಳ್ಳುವ ಕ್ರಮ. ಈ ಲೇಖನದ ವಿಷಯ ಮೂರನೆಯದು.

ಇದಕ್ಕೆ ಹತ್ತಿರದ ಕ್ರಮಗಳಿಂದ ಇದನ್ನು ಬೇರ್ಪಡಿಸಿ ನೋಡಬೇಕು. ಕಿಕ್ ಎಂದರೆ ಗುಂಪಿನಿಂದ ತೆಗೆದುಹಾಕುವುದು, ಆದರೆ ಮತ್ತೆ ಸೇರಲು ಅಡ್ಡಿಯಿಲ್ಲ. ಬ್ಯಾನ್ ಎಂದರೆ ಮತ್ತೆ ಸೇರದಂತೆ ಬಾಗಿಲು ಹಾಕುವುದು. ಸ್ಲೋ ಮೋಡ್ ಒಬ್ಬರನ್ನು ಗುರಿಯಾಗಿಸದೆ, ಎಲ್ಲರ ಎರಡು ಸಂದೇಶಗಳ ನಡುವೆ ಕಡ್ಡಾಯ ಅಂತರ ಇರಿಸುತ್ತದೆ. ಶ್ಯಾಡೋ ಬ್ಯಾನ್ ಎಂಬುದು ಬರೆದವರಿಗೆ ತಿಳಿಯದಂತೆ ಅವರ ಮಾತನ್ನು ಉಳಿದವರಿಂದ ಮರೆಮಾಡುವ ಉಪಾಯ. ತಾತ್ಕಾಲಿಕ ಮ್ಯೂಟ್ ಇದಕ್ಕೆ ತದ್ವಿರುದ್ಧ. ತಡೆ ಬಿದ್ದಿದೆ ಎಂದೂ, ಯಾವಾಗ ತೆರವಾಗುತ್ತದೆ ಎಂದೂ ತಡೆಗೊಳಗಾದವರಿಗೆ ಗೊತ್ತಿರುತ್ತದೆ.

ಒಂದೇ ಸಂದೇಶವನ್ನು ಮೇಲಿಂದ ಮೇಲೆ ಸುರಿಯುವುದು, ಒಬ್ಬರನ್ನು ಹಿಡಿದು ಹಂಗಿಸುವುದು, ಜಾತಿ ಧರ್ಮ ಭಾಷೆಗಳನ್ನು ಎಳೆದು ತಂದು ಕೆಣಕುವುದು, ಜಾಹೀರಾತು ಹಾಕುವುದು, ಬಿಡುಗಡೆಯ ದಿನವೇ ಸಿನಿಮಾದ ಕಥೆ ಬಯಲು ಮಾಡುವುದು, ನಿಲ್ಲಿಸಿ ಎಂದ ಮೇಲೂ ಅದೇ ಜಗಳ ಎಳೆಯುವುದು: ಸಾಮಾನ್ಯವಾಗಿ ಮ್ಯೂಟ್‌ಗೆ ದಾರಿ ಮಾಡಿಕೊಡುವ ನಡವಳಿಕೆಗಳು ಇವು.

ಇತಿಹಾಸ

1973ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರ್ ವ್ಯವಸ್ಥೆಗಾಗಿ ಡಗ್ ಬ್ರೌನ್ ಮತ್ತು ಡೇವಿಡ್ ವೂಲಿ ಟಾಕೋಮ್ಯಾಟಿಕ್ ಎಂಬ ಚಾಟ್ ತಂತ್ರಾಂಶ ಬರೆದರು. ಒಂದು ಕೋಣೆಯಲ್ಲಿ ಐದು ಮಂದಿಗಷ್ಟೇ ಜಾಗವಿತ್ತು. ಮುಖ ನೋಡಿ ಮಾತಾಡುವಷ್ಟು ಸಣ್ಣ ಕೂಟದಲ್ಲಿ ಕಣ್ಸನ್ನೆಯೇ ಸಾಕಾಗುವಂತೆ, ಅಲ್ಲಿ ದೊಡ್ಡ ಶಿಸ್ತುಕ್ರಮಗಳ ಅಗತ್ಯ ಕಡಿಮೆಯಿದ್ದಿರಬೇಕು.

ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ 1988ರ ಆಗಸ್ಟ್‌ನಲ್ಲಿ ರೂಪಿಸಿದ ಇಂಟರ್ನೆಟ್ ರಿಲೇ ಚಾಟ್, ಅಂದರೆ ಐಆರ್‌ಸಿ, ದೇಶದೇಶಗಳ ಅಪರಿಚಿತರನ್ನು ಒಂದೇ ಚಾನೆಲ್‌ನಲ್ಲಿ ಕೂರಿಸಿತು. ಮಾತಿನ ಹಕ್ಕನ್ನು ಯಾರು ಕೊಡಬೇಕು, ಯಾರು ಹಿಂದಕ್ಕೆ ಪಡೆಯಬೇಕು ಎಂಬ ಪ್ರಶ್ನೆಗೆ ಚಾಟ್ ಜಗತ್ತು ವಿವರವಾದ ಉತ್ತರ ಹುಡುಕಿದ್ದು ಇಲ್ಲಿ. 1993ರ ಮೇ ತಿಂಗಳಲ್ಲಿ ಪ್ರಕಟವಾದ ಐಆರ್‌ಸಿ ನಿಯಮಾವಳಿಯಲ್ಲಿ ಚಾನೆಲ್ ನಡೆಸುವವರಿಗೆ ಆಪರೇಟರ್ ಸ್ಥಾನ ಗೊತ್ತುಪಡಿಸಲಾಗಿತ್ತು. ಅವರು ಚಾನೆಲನ್ನು ನಿಯಂತ್ರಿತ ಸ್ಥಿತಿಗೆ ತಂದರೆ ಆಪರೇಟರುಗಳು ಮತ್ತು ವಾಯ್ಸ್ ಪಡೆದವರಿಗಷ್ಟೇ ಬರೆಯಲು ಸಾಧ್ಯ. ವಾಯ್ಸ್ ಎಂಬ ಹೆಸರೇ ಹೇಳುವಂತೆ ಅದು ಕೈಗೆ ಕೊಡುವ ದನಿ. ಆಪರೇಟರು ಕೊಟ್ಟರೆ ಮಾತು, ಹಿಂಪಡೆದರೆ ಮೌನ. ಮುಂದೆ ಕೆಲವು ಐಆರ್‌ಸಿ ಜಾಲಗಳಲ್ಲಿ ಕ್ವೈಟ್ ಎಂಬ ಪ್ರತ್ಯೇಕ ಆಜ್ಞೆ ಬಂದು, ಒಬ್ಬರನ್ನೇ ಹೆಸರಿಸಿ ಸುಮ್ಮನಿರಿಸುವುದು ಸುಲಭವಾಯಿತು.

ಆ ಮೂಲ ನಿಯಮಾವಳಿಯಲ್ಲಿ ಗಡಿಯಾರ ಇರಲಿಲ್ಲ. ಹಾಕಿದ ತಡೆಯನ್ನು ನೆನಪಿಟ್ಟು ತೆಗೆಯುವುದು ಆಪರೇಟರರ ಕೆಲಸ. ಅವರು ಮರೆತು ಮಲಗಿದರೆ ಹತ್ತು ನಿಮಿಷದ ತಡೆ ಹತ್ತು ದಿನದ್ದಾಗುತ್ತಿತ್ತು. ರೋಬಿ ಪಾಯಿಂಟರ್ 1993ರಲ್ಲಿ ಬರೆದ ಎಗ್‌ಡ್ರಾಪ್‌ನಂಥ ಬಾಟ್‌ಗಳು, ಅಂದರೆ ತಾವಾಗಿ ಕೆಲಸ ಮಾಡುವ ತಂತ್ರಾಂಶಗಳು, ಈ ಕೊರತೆ ತುಂಬಿದವು. ನಿಷೇಧದ ಅವಧಿ ಎಣಿಸಿ, ಮುಗಿದಾಗ ತಾವೇ ತೆರವು ಮಾಡುವ ಕೆಲಸವನ್ನು ಅವು ವಹಿಸಿಕೊಂಡವು. ಕ್ಷಮೆಯನ್ನು ಮನುಷ್ಯರ ಮರೆವಿಗೆ ಬಿಡದೆ ಗಡಿಯಾರಕ್ಕೆ ಒಪ್ಪಿಸಿದ್ದು ಸಣ್ಣ ಸಂಗತಿಯಲ್ಲ.

ಅದೇ ಕಾಲದ ಲ್ಯಾಂಬ್ಡಾಮೂ ಎಂಬ ಪಠ್ಯರೂಪದ ಆನ್‌ಲೈನ್ ಲೋಕದಲ್ಲಿ ಒಬ್ಬ ಸದಸ್ಯ ಇತರರ ಪಾತ್ರಗಳ ಮೇಲೆ ನಡೆಸಿದ ಲೈಂಗಿಕ ಸ್ವರೂಪದ ದೌರ್ಜನ್ಯ ದೊಡ್ಡ ಚರ್ಚೆ ಎಬ್ಬಿಸಿತು. ಬೇಡದವರ ಮಾತು ತಮಗೆ ಕಾಣದಂತೆ ಮಾಡಿಕೊಳ್ಳುವ ಗ್ಯಾಗ್ ಆಜ್ಞೆ ಸದಸ್ಯರಿಗೆ ಇತ್ತು, ಆದರೆ ಅದರಿಂದ ಅನ್ಯಾಯ ನಿಲ್ಲುವುದಿಲ್ಲ ಎಂದು ನೊಂದವರು ವಾದಿಸಿದರು. ಕೊನೆಗೆ ಒಬ್ಬ ನಿರ್ವಾಹಕರು ತಾವೊಬ್ಬರೇ ನಿರ್ಧರಿಸಿ ಆ ಖಾತೆಯನ್ನು ಅಳಿಸಿಹಾಕಿದರು. ಆ ಲೋಕವನ್ನು ಕಟ್ಟಿದ ಪಾವೆಲ್ ಕರ್ಟಿಸ್ ಬಳಿಕ ಸದಸ್ಯರ ಅರ್ಜಿ ಮತ್ತು ಮತದಾನದ ಪದ್ಧತಿ ತಂದರು. ಜೂಲಿಯನ್ ಡಿಬೆಲ್ 1993ರಲ್ಲಿ ಬರೆದ ಲೇಖನದಿಂದ ಈ ಪ್ರಸಂಗ ಜಗತ್ತಿಗೆ ತಿಳಿಯಿತು. ಶಿಕ್ಷೆಯ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಇಂದಿಗೂ ಇದೇ ಉದಾಹರಣೆ.

2011ರಲ್ಲಿ ಆರಂಭವಾದ ನೇರಪ್ರಸಾರದ ವೇದಿಕೆ ಟ್ವಿಚ್ ಟೈಮ್‌ಔಟ್ ಎಂಬ ಹೆಸರನ್ನು ಮನೆಮಾತಾಗಿಸಿತು. ಆ ಪದ ಅದಕ್ಕೂ ಹಳೆಯದು. ಮಕ್ಕಳು ಹಟ ಹಿಡಿದಾಗ ಸ್ವಲ್ಪ ಹೊತ್ತು ಬೇರೆ ಕೂರಿಸುವ ಕ್ರಮಕ್ಕೆ ಅಮೆರಿಕದ ಮನೋವಿಜ್ಞಾನಿ ಆರ್ಥರ್ ಸ್ಟಾಟ್ಸ್ ಟೈಮ್‌ಔಟ್ ಎಂಬ ಹೆಸರು ಬಳಸಿದ್ದರು. ಕನ್ನಡ ಓದುಗರಿಗೆ ಕಬಡ್ಡಿ ಹತ್ತಿರದ ಹೋಲಿಕೆ. ಹಸಿರು ಕಾರ್ಡ್ ಎಂದರೆ ಎಚ್ಚರಿಕೆ, ಹಳದಿ ಎಂದರೆ 2 ನಿಮಿಷ ಅಂಗಳದ ಹೊರಗೆ, ಕೆಂಪು ಎಂದರೆ ಆ ಪಂದ್ಯಕ್ಕೆ ಮುಗಿಯಿತು. ತಾತ್ಕಾಲಿಕ ಮ್ಯೂಟ್ ಚಾಟ್ ಗುಂಪಿನ ಹಳದಿ ಕಾರ್ಡ್.

ನಡೆಯುವ ಬಗೆ

2015ರಲ್ಲಿ ಶುರುವಾದ ಡಿಸ್ಕಾರ್ಡ್‌ನಲ್ಲಿ ಈ ಕ್ರಮವನ್ನು ಹತ್ತಿರದಿಂದ ನೋಡಬಹುದು. ಮೊದಲ ಕೆಲವು ವರ್ಷ ಅಲ್ಲಿ ಇದಕ್ಕೆ ಪ್ರತ್ಯೇಕ ಸೌಲಭ್ಯ ಇರಲಿಲ್ಲ. ನಿರ್ವಾಹಕರು ಮ್ಯೂಟೆಡ್ ಎಂಬ ಹೆಸರಿನ ಪಾತ್ರವೊಂದನ್ನು (ರೋಲ್) ಸೃಷ್ಟಿಸಿ, ಪ್ರತಿ ಚಾನೆಲ್‌ನಲ್ಲೂ ಆ ಪಾತ್ರಕ್ಕೆ ಬರೆಯುವ ಅನುಮತಿ ತೆಗೆದು, ಅದನ್ನು ಸದಸ್ಯರಿಗೆ ಅಂಟಿಸುತ್ತಿದ್ದರು. ಎಂಇಇ6, ಡೈನೋ ಮುಂತಾದ ಬಾಟ್‌ಗಳು ಸಮಯ ನೋಡಿ ಅದನ್ನು ತೆಗೆಯುತ್ತಿದ್ದವು. ಹೊಸ ಚಾನೆಲ್ ತೆರೆದಾಗ ಅನುಮತಿ ತೆಗೆಯಲು ಮರೆತರೆ ಮ್ಯೂಟ್ ಆದವರು ಅಲ್ಲಿಗೆ ಹೋಗಿ ಜಗಳ ಮುಂದುವರಿಸುತ್ತಿದ್ದರು. 2021ರ ಡಿಸೆಂಬರ್‌ನಲ್ಲಿ ಟೈಮ್‌ಔಟ್ ಸೌಲಭ್ಯವೇ ಬಂದು ಈ ಹರಸಾಹಸ ತಪ್ಪಿತು.

ಈಗ ಮಾಡರೇಟರ್, ಅಂದರೆ ಮಾತುಕತೆ ಕಾಯುವ ನಿರ್ವಾಹಕರು, ಸದಸ್ಯರ ಹೆಸರಿನ ಮೇಲೆ ಒತ್ತಿ ಟೈಮ್‌ಔಟ್ ಆರಿಸಿದರೆ ಆರು ಅವಧಿಗಳು ತೆರೆಯುತ್ತವೆ: 60 ಸೆಕೆಂಡು, 5 ನಿಮಿಷ, 10 ನಿಮಿಷ, 1 ಗಂಟೆ, 1 ದಿನ, 1 ವಾರ. ಬಾಟ್‌ಗಳ ಮೂಲಕ ಇದನ್ನು 28 ದಿನದವರೆಗೆ ಎಳೆಯಬಹುದು. ಕೆಳಗೆ ಕಾರಣ ಬರೆಯುವ ಜಾಗವಿದೆ. ಒಪ್ಪಿಗೆ ಒತ್ತಿದ ಕ್ಷಣದಿಂದ ಆ ಸದಸ್ಯರು ಸಂದೇಶ ಕಳಿಸಲಾರರು, ಎಮೋಜಿ ಪ್ರತಿಕ್ರಿಯೆ ಹಾಕಲಾರರು, ಧ್ವನಿ ಚಾನೆಲ್‌ಗೆ ಸೇರಲಾರರು. ಹಳೆಯ, ಹೊಸ ಸಂದೇಶಗಳನ್ನೆಲ್ಲ ಓದಬಲ್ಲರು. ಯಾರು, ಯಾರ ಮೇಲೆ, ಯಾವಾಗ ಕ್ರಮ ಕೈಗೊಂಡರು ಎಂಬುದು ಆಡಿಟ್ ಲಾಗ್‌ನಲ್ಲಿ ದಾಖಲಾಗುತ್ತದೆ. ತನಗಿಂತ ಮೇಲಿನ ಪಾತ್ರ ಹೊಂದಿದವರನ್ನು ಮಾಡರೇಟರ್ ಮ್ಯೂಟ್ ಮಾಡಲಾರರು.

ಕ್ರಿಕೆಟ್ ಪಂದ್ಯದ ರಾತ್ರಿಯೊಂದನ್ನು ಊಹಿಸಿಕೊಳ್ಳಬಹುದು. ನೂರಾರು ಮಂದಿ ಓವರಿನಿಂದ ಓವರಿಗೆ ಬರೆಯುತ್ತಿದ್ದಾರೆ. ಸೋತ ಸಿಟ್ಟಿಗೆ ಒಬ್ಬರು ಎದುರು ತಂಡದ ಅಭಿಮಾನಿಯೊಬ್ಬರನ್ನು ಹೆಸರು ಹಿಡಿದು ಬಯ್ಯಲು ತೊಡಗುತ್ತಾರೆ. ಮಾಡರೇಟರ್ ಒಮ್ಮೆ ಹೇಳುತ್ತಾರೆ, ಕೇಳುವುದಿಲ್ಲ. "ವೈಯಕ್ತಿಕ ನಿಂದನೆ, 1 ಗಂಟೆ" ಎಂದು ಬರೆದು ಟೈಮ್‌ಔಟ್ ಹಾಕುತ್ತಾರೆ. ಬರೆಯುವ ಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ, ಎದುರಿಗೆ ಪಂದ್ಯದ ಮಾತು ಹರಿಯುತ್ತಲೇ ಇರುತ್ತದೆ. ಬಯ್ಸಿಕೊಂಡವರು ಉಸಿರು ಬಿಡುತ್ತಾರೆ, ಬಯ್ದವರಿಗೂ ತಾನು ಬರೆದದ್ದನ್ನು ಮತ್ತೆ ಓದಿಕೊಳ್ಳಲು ಒಂದು ಗಂಟೆ ಸಿಗುತ್ತದೆ.

ಬೇರೆ ಬೇರೆ ವೇದಿಕೆಗಳಲ್ಲಿ

ಟ್ವಿಚ್‌ನಲ್ಲಿ ಅವಧಿ ಹೇಳದಿದ್ದರೆ ಟೈಮ್‌ಔಟ್ 10 ನಿಮಿಷದ್ದು, ಗರಿಷ್ಠ 2 ವಾರ. ತಡೆ ಬಿದ್ದೊಡನೆ ಆ ವ್ಯಕ್ತಿಯ ಇತ್ತೀಚಿನ ಸಂದೇಶಗಳೂ ಚಾಟ್‌ನಿಂದ ಮರೆಯಾಗುತ್ತವೆ. ಹೀಗಾಗಿ 1 ಸೆಕೆಂಡಿನ ಟೈಮ್‌ಔಟ್ ಹಾಕಿ ಸಂದೇಶವನ್ನಷ್ಟೇ ಅಳಿಸುವ ರೂಢಿಯೂ ಮಾಡರೇಟರುಗಳಲ್ಲಿ ಬೆಳೆದಿತ್ತು. ಅದನ್ನು ಅವರು ಪರ್ಜ್ ಎನ್ನುತ್ತಿದ್ದರು.

ಟೆಲಿಗ್ರಾಂ 2017ರಿಂದ ದೊಡ್ಡ ಗುಂಪುಗಳಲ್ಲಿ ಒಬ್ಬೊಬ್ಬ ಸದಸ್ಯರ ಹಕ್ಕನ್ನು ಬೇರೆಬೇರೆಯಾಗಿ ಮೊಟಕುಗೊಳಿಸಲು ಅವಕಾಶ ಕೊಟ್ಟಿದೆ. ಪಠ್ಯ ಇರಲಿ, ಸ್ಟಿಕ್ಕರ್ ಮಾತ್ರ ಬೇಡ ಎಂಬಷ್ಟು ಸೂಕ್ಷ್ಮವಾಗಿ ಇದನ್ನು ಹೊಂದಿಸಬಹುದು. ಬಾಟ್ ಮೂಲಕ ಹಾಕುವ ತಡೆಯ ಅವಧಿ 30 ಸೆಕೆಂಡಿಗಿಂತ ಕಡಿಮೆ ಅಥವಾ 366 ದಿನಕ್ಕಿಂತ ಹೆಚ್ಚು ಇದ್ದರೆ ಆ ವ್ಯವಸ್ಥೆ ಅದನ್ನು ಶಾಶ್ವತ ಎಂದೇ ಪರಿಗಣಿಸುತ್ತದೆ. ಸ್ವತಂತ್ರ ಸರ್ವರ್‌ಗಳ ಜಾಲವಾದ ಮ್ಯಾಟ್ರಿಕ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಅಧಿಕಾರದ ಅಂಕ ಇರುತ್ತದೆ: ಸಾಮಾನ್ಯ ಸದಸ್ಯರಿಗೆ 0, ಮಾಡರೇಟರಿಗೆ 50, ಅಡ್ಮಿನ್‌ಗೆ 100. ಸದಸ್ಯರ ಅಂಕವನ್ನು ಸೊನ್ನೆಗಿಂತ ಕೆಳಗಿಳಿಸಿದರೆ ಅದೇ ಮ್ಯೂಟ್.

ಕರ್ನಾಟಕದಲ್ಲಿ ಅತಿ ಹೆಚ್ಚು ಜನ ಗುಂಪು ಕಟ್ಟಿಕೊಂಡಿರುವ ವಾಟ್ಸ್‌ಆ್ಯಪ್‌ನ ದಾರಿ ಬೇರೆ. 2018ರಿಂದ ಅಡ್ಮಿನ್‌ಗಳಷ್ಟೇ ಬರೆಯುವಂತೆ ಗುಂಪನ್ನು ಬದಲಿಸಬಹುದು, 2022ರಿಂದ ಇತರರ ಸಂದೇಶವನ್ನು ಅಡ್ಮಿನ್ ಅಳಿಸಬಹುದು, ಆದರೆ ಒಬ್ಬರನ್ನೇ ತಾತ್ಕಾಲಿಕವಾಗಿ ತಡೆಯುವ ದಾರಿಯಿಲ್ಲ. ಹೀಗಾಗಿ ಅಪಾರ್ಟ್‌ಮೆಂಟಿನ ಅಥವಾ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಇಬ್ಬರ ಜಗಳ ಹತ್ತಿದಾಗ ಅಡ್ಮಿನ್ ಮುಂದೆ ಬರುವುದು ಎರಡು ತುದಿಗಳು: ಒಬ್ಬರನ್ನು ತೆಗೆಯುವುದು, ಇಲ್ಲವೇ ಎಲ್ಲರ ಬಾಯಿ ಮುಚ್ಚಿಸುವುದು. ತೆಗೆದರೆ ಅದು ಅವಮಾನವಾಗಿ ಮದುವೆ, ಮುಂಜಿಯವರೆಗೂ ಉಳಿಯುತ್ತದೆ. ಮುಚ್ಚಿಸಿದರೆ ನೀರು ಬಂತೇ ಎಂದು ಕೇಳುವವರಿಗೂ ದಾರಿಯಿಲ್ಲ. ನಡುವಿನ ಮೆಟ್ಟಿಲಿನ ಬೆಲೆ ತಿಳಿಯುವುದು ಅದು ಇಲ್ಲದ ಕಡೆ.

ಏಕೆ ಫಲಿಸುತ್ತದೆ

ಮುಖ ಕಾಣದ ಕಡೆ ಜನ ಎದುರಿಗೆ ಆಡದ ಮಾತನ್ನೂ ಆಡುತ್ತಾರೆ ಎಂಬುದನ್ನು ಮನೋವಿಜ್ಞಾನಿ ಜಾನ್ ಸುಲರ್ 2004ರಲ್ಲಿ ವಿವರಿಸಿದರು. 2017ರಲ್ಲಿ ಜಸ್ಟಿನ್ ಚೆಂಗ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಕೆಣಕುವವರು ಹುಟ್ಟಾ ಕೆಣಕುವವರೇ ಆಗಬೇಕಿಲ್ಲ, ಕೆಟ್ಟ ಮನಃಸ್ಥಿತಿ ಮತ್ತು ಕಣ್ಣೆದುರಿನ ಕೆಟ್ಟ ಮಾತು ಎರಡೂ ಕೂಡಿದರೆ ಸಾಧಾರಣ ಜನರೂ ಹಾಗೆ ನಡೆದುಕೊಳ್ಳುತ್ತಾರೆ ಎಂದು ಅವರ ಅಧ್ಯಯನ ತೋರಿಸಿತು. ಮ್ಯೂಟ್ ಈ ಎರಡಕ್ಕೂ ಮದ್ದು. ಸಿಟ್ಟಿಗೆ ಇಳಿಯಲು ಸಮಯ ಕೊಡುತ್ತದೆ, ಕೆಟ್ಟ ಮಾತು ಮತ್ತೊಬ್ಬರಿಗೆ ಅಂಟುವ ಮೊದಲೇ ಸರಪಳಿ ಕಡಿಯುತ್ತದೆ.

ಜೋಸೆಫ್ ಸೀರಿಂಗ್, ರಾಬರ್ಟ್ ಕ್ರೌಟ್ ಮತ್ತು ಲಾರಾ ಡ್ಯಾಬಿಷ್ ಅದೇ ವರ್ಷ ಟ್ವಿಚ್ ಚಾಟ್‌ಗಳನ್ನು ಅಭ್ಯಸಿಸಿದರು. ಒಂದು ಬಗೆಯ ವರ್ತನೆಗೆ ಯಾರನ್ನಾದರೂ ತಡೆದಾಗ, ಅದನ್ನು ಕಂಡ ಉಳಿದವರಲ್ಲೂ ಆ ವರ್ತನೆ ಸ್ವಲ್ಪ ಹೊತ್ತಿಗಾದರೂ ಇಳಿಯುತ್ತದೆ ಎಂಬುದು ಅವರ ಒಂದು ತೀರ್ಮಾನ. ಗುಂಪಿನಲ್ಲಿ ಮರ್ಯಾದೆಯುಳ್ಳವರು ಹೇಗೆ ನಡೆಯುತ್ತಾರೋ ಉಳಿದವರು ಹಾಗೆ ಅನುಕರಿಸುತ್ತಾರೆ ಎಂಬುದು ಇನ್ನೊಂದು. ತಡೆಯಷ್ಟೇ ಸಾಲದು, ತಡೆಯುವವರ ನಡತೆಯೂ ಪಾಠವಾಗುತ್ತದೆ ಎಂದು ಇದರ ಅರ್ಥ.

ಇದರ ಹಿಂದೆ ಇನ್ನೂ ಹಳೆಯ ತಿಳಿವಳಿಕೆಯಿದೆ. ಹುಲ್ಲುಗಾವಲು, ಕಾಲುವೆ, ಮೀನುಗಾರಿಕೆಯಂಥ ಸಮುದಾಯದ ಸ್ವತ್ತನ್ನು ಜನ ತಾವೇ ಹೇಗೆ ಕಾಪಾಡಿಕೊಂಡು ಬಂದಿದ್ದಾರೆ ಎಂದು ಎಲಿನಾರ್ ಆಸ್ಟ್ರಮ್ 1990ರ ಕೃತಿಯಲ್ಲಿ ವಿಶ್ಲೇಷಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ದೀರ್ಘಕಾಲ ಬಾಳಿದ ವ್ಯವಸ್ಥೆಗಳಲ್ಲಿ ಅವರು ಕಂಡ ಲಕ್ಷಣಗಳಲ್ಲಿ ಹಂತಹಂತದ ಶಿಕ್ಷೆಯೂ ಒಂದು: ಮೊದಲ ತಪ್ಪಿಗೆ ಸಣ್ಣ ದಂಡ, ಮರುಕಳಿಸಿದರೆ ಹೆಚ್ಚು. ಕ್ರೌಟ್ ಮತ್ತು ಪಾಲ್ ರೆಸ್ನಿಕ್ 2012ರ ತಮ್ಮ ಪುಸ್ತಕದಲ್ಲಿ ಇದೇ ತತ್ತ್ವವನ್ನು ಆನ್‌ಲೈನ್ ಸಮುದಾಯಗಳಿಗೆ ಶಿಫಾರಸು ಮಾಡಿದರು. ಮಾತುಕತೆಯೂ ಊರ ಕೆರೆಯಂತೆ ಎಲ್ಲರ ಸ್ವತ್ತು. ಒಬ್ಬರು ಕಲಕಿದರೆ ಎಲ್ಲರ ನೀರೂ ರಾಡಿಯಾಗುತ್ತದೆ.

ಎಷ್ಟು ಹೊತ್ತು

ಅವಧಿ ತಪ್ಪಿಗೆ ತಕ್ಕಷ್ಟಿರಬೇಕು. ಸಂದೇಶ ಸುರಿಯುವುದಕ್ಕೆ ಕೆಲವು ನಿಮಿಷ, ಕಾವೇರಿದ ಜಗಳಕ್ಕೆ ಒಂದು ಗಂಟೆ, ಎಚ್ಚರಿಕೆಯ ಬಳಿಕವೂ ನಿಂದನೆ ಮುಂದುವರಿದರೆ ಒಂದು ದಿನ, ಮತ್ತೆ ಮತ್ತೆ ಆದರೆ ಒಂದು ವಾರ: ಹೀಗೆ ಮೆಟ್ಟಿಲು ಕಟ್ಟಿಕೊಳ್ಳುವ ಗುಂಪುಗಳುಂಟು. ಬೆದರಿಕೆ, ಮಕ್ಕಳ ಶೋಷಣೆ, ಖಾಸಗಿ ವಿವರ ಬಯಲು ಮಾಡುವುದು ಮೊದಲಾದವು ಈ ಮೆಟ್ಟಿಲಿಗೆ ಸೇರುವುದಿಲ್ಲ. ಅಲ್ಲಿ ಮೊದಲ ಹೆಜ್ಜೆಯೇ ಗಡೀಪಾರು ಮತ್ತು ದೂರು. ಬೆಂಗಳೂರು, ದುಬೈ, ನ್ಯೂಜೆರ್ಸಿಯ ಕನ್ನಡಿಗರು ಒಂದೇ ಗುಂಪಿನಲ್ಲಿ ಇರುವಾಗ "ನಾಳೆ ಬೆಳಗ್ಗೆವರೆಗೆ" ಎಂದರೆ ಯಾರ ಬೆಳಗ್ಗೆ ಎಂಬ ಗೊಂದಲ ಏಳುತ್ತದೆ, ಆದ್ದರಿಂದ ಗಂಟೆಯ ಲೆಕ್ಕದಲ್ಲೇ ಹೇಳುವುದು ಲೇಸು.

ತಡೆಯ ಉದ್ದೇಶ ಸೇಡಲ್ಲ, ಸಭೆಯ ಶಾಂತಿ ಎಂಬ ತತ್ತ್ವವನ್ನು ಭಾರತದ ಸುಪ್ರೀಂ ಕೋರ್ಟ್ ಬೇರೊಂದು ಸಂದರ್ಭದಲ್ಲಿ ಸ್ಪಷ್ಟಪಡಿಸಿದೆ. ಮಹಾರಾಷ್ಟ್ರ ವಿಧಾನಸಭೆ 2021ರ ಜುಲೈನಲ್ಲಿ 12 ಶಾಸಕರನ್ನು ಒಂದು ವರ್ಷ ಅಮಾನತು ಮಾಡಿತ್ತು. ಆ ಅಧಿವೇಶನದ ಆಚೆಗೂ ಅಮಾನತು ಎಳೆದದ್ದು ಸಂವಿಧಾನಬಾಹಿರ ಎಂದು ಕೋರ್ಟ್ 2022ರ ಜನವರಿಯಲ್ಲಿ ತೀರ್ಪಿತ್ತಿತು. ಚಾಟ್ ಗುಂಪು ಶಾಸನಸಭೆಯಲ್ಲ, ಆ ತೀರ್ಪು ಅದಕ್ಕೆ ಅನ್ವಯಿಸುವುದೂ ಇಲ್ಲ. ಆದರೂ ಗಲಾಟೆ ನಿಂತ ಮೇಲೂ ಮುಂದುವರಿಯುವ ತಡೆ ತನ್ನ ಕಾರಣವನ್ನೇ ಕಳೆದುಕೊಳ್ಳುತ್ತದೆ ಎಂಬ ವಿವೇಕ ಎರಡೂ ಕಡೆ ಸಲ್ಲುತ್ತದೆ. ಇಂಗ್ಲಿಷ್ ವಿಕಿಪೀಡಿಯದ ನೀತಿಯೂ ತಡೆಗಳು ಹಾನಿ ತಪ್ಪಿಸುವುದಕ್ಕೇ ಹೊರತು ದಂಡಿಸುವುದಕ್ಕಲ್ಲ ಎನ್ನುತ್ತದೆ.

ಯಂತ್ರದ ಕಾವಲು ಮತ್ತು ಕನ್ನಡ

ದೊಡ್ಡ ಗುಂಪುಗಳಲ್ಲಿ ಮನುಷ್ಯರೇ ಎಲ್ಲವನ್ನೂ ಓದಲಾಗದು. ಟ್ವಿಚ್ 2016ರಲ್ಲಿ, ಡಿಸ್ಕಾರ್ಡ್ 2022ರಲ್ಲಿ ಆಟೋಮಾಡ್ ಎಂಬ ಯಂತ್ರದ ಕಾವಲನ್ನು ತಂದವು. ಡಿಸ್ಕಾರ್ಡ್‌ನ ಆಟೋಮಾಡ್‌ಗೆ ನಿಷಿದ್ಧ ಪದಗಳ ಪಟ್ಟಿ ಕೊಟ್ಟರೆ ಅದು ಸಂದೇಶ ತಡೆಯುತ್ತದೆ, ಬೇಕಾದರೆ ಟೈಮ್‌ಔಟನ್ನೂ ಹಾಕುತ್ತದೆ.

ಕನ್ನಡದಲ್ಲಿ ಈ ಕಾವಲು ಸುಲಭವಾಗಿ ತಪ್ಪುತ್ತದೆ. ಕನ್ನಡದ ಪದ ವಿಭಕ್ತಿ, ಬಹುವಚನ, ಅವಧಾರಣೆಗಳನ್ನು ಹೊತ್ತು ಉದ್ದವಾಗುತ್ತ ಹೋಗುವುದರಿಂದ ಒಂದೇ ಬೈಗುಳಕ್ಕೆ ಹತ್ತಾರು ರೂಪಗಳು. ಚಾಟ್‌ನಲ್ಲಿ ಬಹಳ ಮಂದಿ ಕನ್ನಡವನ್ನು ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಬೆರೆಸಿ, ತಮಗೆ ತೋಚಿದ ಕಾಗುಣಿತದಲ್ಲಿ ಬರೆಯುತ್ತಾರೆ. ಇಂಥ ಮಿಶ್ರ ಬರಹದಲ್ಲಿ ನಿಂದನೆ ಗುರುತಿಸಲು ಸಂಶೋಧಕರು 2020ರಲ್ಲಿ ಕ್ಯಾನ್‌ಸಿಎಂಡಿ ಎಂಬ ದತ್ತಾಂಶವನ್ನು ಪ್ರಕಟಿಸಿದರು. ಅದರಲ್ಲಿ ಯೂಟ್ಯೂಬ್‌ನ 7,671 ಕಾಮೆಂಟುಗಳಿವೆ. ಮರುವರ್ಷ ದ್ರಾವಿಡ ಭಾಷೆಗಳ ನಿಂದನೆ ಪತ್ತೆಯ ಸ್ಪರ್ಧೆಯಲ್ಲಿ ತಮಿಳು, ಮಲಯಾಳಗಳ ಜೊತೆ ಕನ್ನಡವೂ ಇತ್ತು.

ಪದಪಟ್ಟಿ ಹಿಡಿಯಲಾಗದ ಸಂಗತಿ ಇನ್ನೂ ಒಂದಿದೆ. "ಬಾರೋ ಮಗಾ" ಎಂಬುದು ಗೆಳೆಯರ ನಡುವೆ ಅಕ್ಕರೆ. ಅದೇ ಮಾತು ಪರಿಚಯವಿಲ್ಲದ ಹಿರಿಯರಿಗೆ ಬಿದ್ದರೆ ಜಗಳದ ಕಿಡಿ. ಕನ್ನಡ ಗುಂಪುಗಳಲ್ಲಿ "ಏಕವಚನದಲ್ಲಿ ಮಾತಾಡಬೇಡಿ" ಎಂಬಲ್ಲಿಂದಲೇ ಕದನ ಹೊತ್ತಿಕೊಳ್ಳುವುದುಂಟು. ನೀನು ಎಂಬುದರಲ್ಲಿ ಬೈಗುಳ ಇಲ್ಲ, ಆದರೆ ಯಾರು ಯಾರಿಗೆ ಅಂದರು ಎಂಬುದರಲ್ಲಿ ಎಲ್ಲವೂ ಇದೆ. ಇದನ್ನು ತಿಳಿಯಬಲ್ಲವರು ಆ ಭಾಷೆಯಲ್ಲಿ ಬಾಳುವ ಮಾಡರೇಟರ್ ಮಾತ್ರ.

ಕಾನೂನಿನ ನೆಲೆ

ಗುಂಪಿನ ಅಡ್ಮಿನ್ ಸದಸ್ಯರ ಮಾತಿಗೆ ಎಷ್ಟು ಹೊಣೆ ಎಂಬ ಪ್ರಶ್ನೆ ಭಾರತದ ನ್ಯಾಯಾಲಯಗಳ ಮುಂದೆ ಬಂದಿದೆ. ಸಮಾನ ಉದ್ದೇಶ ಇಲ್ಲದಿದ್ದಲ್ಲಿ, ಸದಸ್ಯರೊಬ್ಬರ ಆಕ್ಷೇಪಾರ್ಹ ಸಂದೇಶಕ್ಕೆ ವಾಟ್ಸ್‌ಆ್ಯಪ್ ಅಡ್ಮಿನ್ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿತು. ಸದಸ್ಯರನ್ನು ಸೇರಿಸುವುದು, ತೆಗೆಯುವುದಷ್ಟೇ ಅಡ್ಮಿನ್‌ನ ಸೀಮಿತ ಅಧಿಕಾರ ಎಂಬುದನ್ನೂ ಗಮನಿಸಿತು. ಕೇರಳ ಹೈಕೋರ್ಟ್ 2022ರಲ್ಲಿ ಇದೇ ನಿಲುವು ತಳೆಯಿತು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬಳಕೆದಾರರಿಗೆ ಸೂಚನೆ ನೀಡುವ, ದೂರು ಆಲಿಸುವ ಕರ್ತವ್ಯಗಳನ್ನು ವಹಿಸಿರುವುದು ವೇದಿಕೆ ನಡೆಸುವ ಕಂಪನಿಗಳಿಗೆ.

ಮಿತಿಗಳು ಮತ್ತು ದುರ್ಬಳಕೆ

ಮ್ಯೂಟ್ ಆದವರು ಇನ್ನೊಂದು ಖಾತೆಯಿಂದ ಬರಬಹುದು, ಖಾಸಗಿ ಸಂದೇಶದಲ್ಲಿ ಕಾಟ ಮುಂದುವರಿಸಬಹುದು. ದ್ವೇಷವನ್ನೇ ಗುರಿಯಾಗಿಸಿಕೊಂಡು ಬಂದವರಿಗೆ ಒಂದು ಗಂಟೆಯ ಮೌನ ಬರಿಯ ವಿರಾಮ.

ಇದಕ್ಕಿಂತ ದೊಡ್ಡ ಅಪಾಯ ಅಡ್ಮಿನ್‌ಗಳ ಕಡೆಯಿಂದ. ತಮ್ಮನ್ನು ಪ್ರಶ್ನಿಸಿದವರನ್ನು ಸುಮ್ಮನಿರಿಸುವುದು, ತಾವೇ ಪಾಲುಗೊಂಡ ಜಗಳದಲ್ಲಿ ಎದುರಾಳಿಯನ್ನು ಮ್ಯೂಟ್ ಮಾಡುವುದು, ಕಾರಣ ಹೇಳದಿರುವುದು, ಸ್ನೇಹಿತರಿಗೊಂದು ಹೊಸಬರಿಗೊಂದು ನ್ಯಾಯ ಮಾಡುವುದು ಗುಂಪಿನ ನಂಬಿಕೆಯನ್ನೇ ತಿನ್ನುತ್ತವೆ. ದೊಡ್ಡ ವೇದಿಕೆಗಳ ಇಂಥದ್ದೇ ನಡೆಗಳ ವಿರುದ್ಧ ರೂಪುಗೊಂಡ 2018ರ ಸಾಂತಾ ಕ್ಲಾರಾ ತತ್ತ್ವಗಳು ಕಂಪನಿಗಳಿಂದ ಮೂರನ್ನು ಕೇಳಿದವು: ಕ್ರಮಗಳ ಅಂಕಿಅಂಶ, ಬಾಧಿತರಿಗೆ ಸೂಚನೆ, ಮೇಲ್ಮನವಿಗೆ ಅವಕಾಶ. ಇವುಗಳಲ್ಲಿ ಕೊನೆಯ ಎರಡನ್ನು ಐವತ್ತು ಜನರ ಗುಂಪೂ ಖರ್ಚಿಲ್ಲದೆ ಪಾಲಿಸಬಹುದು.

ಮಾಡರೇಟರುಗಳ ಪಾಡನ್ನೂ ಮರೆಯಬಾರದು. ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಕೆಲಸ ಮುಗಿಸಿ ಬಂದು ರಾತ್ರಿ ಬೈಗುಳ ಓದುತ್ತ ಕೂರುವವರು. ಸರದಿ ಇಲ್ಲದಿದ್ದರೆ ಅವರೇ ದಣಿದು ತಪ್ಪು ಮಾಡುತ್ತಾರೆ.

ಅನುಭವದಿಂದ ಬಂದ ರೂಢಿಗಳು

ನಿಯಮಗಳನ್ನು ಜಗಳಕ್ಕೆ ಮೊದಲೇ ಬರೆದು ಪಿನ್ ಮಾಡಿಡುವುದು, ತುರ್ತಿಲ್ಲದಿದ್ದರೆ ಮೊದಲು ಎಚ್ಚರಿಸುವುದು, ಕಡಿಮೆ ಅವಧಿಯಿಂದ ಶುರುಮಾಡುವುದು, ಯಾವ ಸಂದೇಶಕ್ಕೆ ಯಾವ ನಿಯಮದಡಿ ತಡೆ ಎಂದು ಆ ಸದಸ್ಯರಿಗೆ ಖಾಸಗಿಯಾಗಿ ತಿಳಿಸುವುದು, ಎಲ್ಲರೆದುರು ಹಂಗಿಸದಿರುವುದು, ತನ್ನದೇ ಜಗಳವಾದರೆ ಇನ್ನೊಬ್ಬ ಮಾಡರೇಟರಿಗೆ ಬಿಡುವುದು, ಹಾಕಿದ ತಡೆಗಳ ದಾಖಲೆ ಇಡುವುದು, ತಪ್ಪಾಗಿದ್ದರೆ ತೆರವು ಮಾಡಿ ಕ್ಷಮೆ ಕೇಳುವುದು ಚೆನ್ನಾಗಿ ನಡೆಯುವ ಗುಂಪುಗಳ ರೂಢಿಗಳು. ಅವಧಿ ಮುಗಿಸಿ ಬಂದವರನ್ನು ಹಳೆಯ ತಪ್ಪು ನೆನಪಿಸಿ ಕೆಣಕಬಾರದು ಎಂಬುದು ಉಳಿದ ಸದಸ್ಯರಿಗೂ ಅನ್ವಯಿಸುವ ನಿಯಮ.

ಗುಂಪು ನಡೆಸುವವರು ನೆನಪಿಡಬೇಕಾದದ್ದು ಇಷ್ಟು. ಮಾತು ನಿಲ್ಲಿಸುವ ಗುಂಡಿ ನಿಮ್ಮ ಕೈಗೆ ಬಂದಿರುವುದು ಎಲ್ಲರ ಮಾತು ಉಳಿಯಲಿ ಎಂದು. ಅದನ್ನು ಒತ್ತುವ ಮೊದಲು ಕಾರಣ ಬರೆಯಿರಿ, ಅವಧಿ ಹೇಳಿರಿ. ಅವಧಿ ಮುಗಿಸಿ ಬಂದವರು ಮೊದಲ ಸಂದೇಶ ಹಾಕಿದಾಗ, ಏನೂ ಆಗಿರಲಿಲ್ಲವೆಂಬಂತೆ ಅದಕ್ಕೆ ಉತ್ತರ ಕೊಡಿ.